ನರಳದ ಎಂಜಿನ್

ಒರಿಯಾನೊ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಎಂಜಿನ್ನಿಗೆ ಆನಿಸಿ, ಹಿಡಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಇಟಲಿಯ ಮೊಡೆನಾದ ಆ ಪರೀಕ್ಷಾ ಕೋಣೆಯಿಂದ ಅವನು ‘ಹೂಂ’ ಎನ್ನದೆ ಯಾವ ಎಂಜಿನ್ನೂ ಹೊರಬಿದ್ದದ್ದಿಲ್ಲ. ಅವನಪ್ಪ ಗಾಲಿಯಂಥ ಚೀಸ್ ಗಟ್ಟಿಗಳನ್ನು ಸುತ್ತಿಗೆಯಿಂದ ತಟ್ಟಿ ಒಳಗಿನ ಬಿರುಕು ಹೇಳುತ್ತಿದ್ದವನು. ಕಿವಿ ವಂಶಪಾರಂಪರ್ಯವಾಗಿ ಬಂದದ್ದು.

ಪಕ್ಕದಲ್ಲಿ ಇಂಜಿನಿಯರ್ ನಿವೆಸ್ ನಿಂತಿದ್ದಳು. ಇಷ್ಟು ಬಿಸಿಗೆ ಇಷ್ಟು ಗಾಳಿ, ಇಷ್ಟು ಭಾರಕ್ಕೆ ಇಷ್ಟು ಪೆಟ್ರೋಲು ಎಂದು ಒರಿಯಾನೊ ಮೂವತ್ತು ವರ್ಷ ತುಂಬಿಸಿದ ಪಟ್ಟಿಗಳನ್ನೆಲ್ಲ ಬದಿಗಿಟ್ಟು, ಎಂಜಿನ್ ಹೇಗೆ ಬದಲಾದರೂ ಹಿಡಿತ ತಪ್ಪದಂಥ ಸೂತ್ರವೊಂದನ್ನು ಅವಳು ಎರಡು ವರ್ಷ ಕೂತು ಬರೆದಿದ್ದಳು. ಈಗ ಈ ಎಂಜಿನ್ನನ್ನು ಕಂಪ್ಯೂಟರಿನ ಮೂಲಕ ನಡೆಸುತ್ತಿದ್ದುದು ಆ ಸೂತ್ರವೇ. ಇವತ್ತು ಅವನು ಬೇಡವೆಂದರೆ ಅದು ಕಸದ ಬುಟ್ಟಿಗೆ. ಆದರೂ ಅವಳ ಮುಖದಲ್ಲಿ ಅಳುಕಿರಲಿಲ್ಲ.

“ಇರಮ್ಮಾ ಇಂಜಿನಿಯರಮ್ಮ, ಸ್ವಲ್ಪ ಕಾಡಿಸ್ತೀನಿ,” ಎಂದು ಒರಿಯಾನೊ ಗಕ್ಕನೆ ಎಂಜಿನ್ನಿನ ಮೇಲೆ ಭಾರ ಹೇರಿದ. ವೇಗದ ಮುಳ್ಳು ನಿಮಿಷಕ್ಕೆ ಎಂಟುನೂರು ಸುತ್ತಿನಿಂದ ಒಂಚೂರು ಕುಸಿದು, ಮತ್ತೆ ಎಂಟುನೂರಕ್ಕೇ ಬಂದು ಕೂತಿತು. ಇನ್ನೊಮ್ಮೆ ಹೇರಿದ. ಅದೇ ಕಥೆ.

“ಭಲೆ! ಮೂರು ದಿನದಿಂದ ಕೇಳ್ತಿದೀನಿ, ಒಂದು ತಾಳ ತಪ್ಪಿಲ್ಲ. ಗುಂಡುಕಲ್ಲಿನ ಹಾಗಿದೆ ನಿನ್ನ ಎಂಜಿನ್ನು. ಹೂಂ ಅಂದೆ, ಹೋಗು.”

“ಮೇಸ್ತ್ರಿಗಳೇ, ಆ ಗಾಳಿ ಕೊಳವೆ ಅಡಿಗೆ ಒಂಚೂರು ಬೆರಳಾಡಿಸಿ.”

ಒರಿಯಾನೊನ ಬೆರಳು ಒಂದು ತೂತಿನ ಮೇಲೆ ನಿಂತಿತು.

“ಸೋಮವಾರ ನಾನೇ ಕೊರೆದದ್ದು,” ಎಂದಳು ನಿವೆಸ್. ಗೆದ್ದ ಸಂತೋಷ ಮುಚ್ಚಿಡಲು ಅವಳಿಗೆ ಬರುತ್ತಿರಲಿಲ್ಲ. “ನಿಮ್ಮ ಕಿವಿಗೂ ಸಿಗ್ಲಿಲ್ಲ!”

ಅವನಿಗೆ ನಾಚಿಕೆಯಾಯಿತು. ಗಾಳಿ ಸೋರಿದರೆ ಎಂಜಿನ್ ತಾಳ ತಪ್ಪಲೇಬೇಕೆಂದು ನಂಬಿ, ಮೂರು ದಿನವೂ ಅವನು ತಾಳವನ್ನಷ್ಟೇ ಕೇಳಿದ್ದ.

“ಗೆದ್ದೆ ಬಿಡಮ್ಮ. ಆದ್ರೆ ರೋಗ ಇದ್ರೂ ನರಳದೆ ಇರೋದಕ್ಕೆ ಆರೋಗ್ಯ ಅಂತಾರಾ?”

“ನರಳುತ್ತೆ ಮೇಸ್ತ್ರಿಗಳೇ,” ಎಂದು ಅವಳು ಕಂಪ್ಯೂಟರಿನ ಪರದೆ ತೋರಿಸಿದಳು. “ನೋಡಿ, ಈ ಗೆರೆ. ಸೋರಿದ ಗಾಳಿನ ಸರಿದೂಗಿಸೋಕೆ ಸೋಮವಾರದಿಂದ ಅದು ಪಡ್ತಿರೋ ಪಾಡೆಲ್ಲ ಇಲ್ಲಿದೆ.”

“ಅದು ನಿನ್ನ ಪರದೆ ಮೇಲೆ. ಗಾಡಿ ಓಡಿಸೋರಿಗೆ ಯಾರು ಹೇಳ್ತಾರೆ?”

ನಿವೆಸ್ ಮರುಗಳಿಗೆಗೆ ಕುರ್ಚಿ ಎಳೆದು ಕೂತು ಕೀಲಿಮಣೆ ಕುಟ್ಟತೊಡಗಿದಳು. ಊಟದ ಹೊತ್ತಾದರೂ ಇಬ್ಬರೂ ಏಳಲಿಲ್ಲ.

ಕೊನೆಗೆ ಅವಳು ಕೈ ತೆಗೆದಾಗ ಮುಳ್ಳು ಎಂಟುನೂರರಲ್ಲೇ ಇತ್ತು. ಅದರ ಪಕ್ಕದಲ್ಲಿ ಗಾಡಿ ಓಡಿಸುವವರಿಗೆ ಕಾಣುವಂತೆ ಒಂದು ಹಳದಿ ಎಚ್ಚರಿಕೆ ದೀಪ ಹತ್ತಿಕೊಂಡಿತು.

“ಈಗ ಬಾಯಿ ಬಂತು ನೋಡು,” ಎಂದ ಒರಿಯಾನೊ. “ಇನ್ನು ಧೈರ್ಯವಾಗಿ ಕಂಡವರ ಮನೆಗೆ ಕಳಿಸಬಹುದು.”