ಹೂಂಗುಟ್ಟಿದವಳು

"ಅತ್ತೆ ಮಲಗಿದ್ದಾರೆ. ಟಿವಿ ಹಾಕೋ ಹಾಗಿಲ್ಲ, ನೀನೇ ನೋಡಿ ಹೇಳೇ," ಎಂದಳು ಫೋನಿನಲ್ಲಿ ಗೆಳತಿ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬ್ಯಾಸ್ಕೆಟ್‌ಬಾಲ್ ತಂಡದವರು. ಮದುವೆಯಾದ ಮೇಲೆ ಅವಳು ಫೋನು ಮಾಡಿದ್ದು ಇದೇ ಮೊದಲು.

ಟಿವಿಯಲ್ಲಿ ಬರುತ್ತಿದ್ದ ಬ್ಯಾಸ್ಕೆಟ್‌ಬಾಲ್ ಏಷ್ಯಾ ಫೈನಲ್ಲನ್ನು ಕತೆಯಂತೆ ಹೇಳುತ್ತ ಹೋದೆ. ಹೂಂಗುಟ್ಟುವುದು ನಿಂತರೆ ನನ್ನಜ್ಜಿ ಕತೆಯನ್ನೇ ನಿಲ್ಲಿಸುತ್ತಿದ್ದಳು; ಇವಳ ಹೂಂ ನಿಲ್ಲಲೇ ಇಲ್ಲ.

ಕೊನೆಯ ಘಟ್ಟದಲ್ಲಿ ನಮ್ಮನೆಯ ಕರೆಂಟು ಹೋಯಿತು. ಆಟ ಮುಗಿದರೆ ಅವಳು ಫೋನಿಡುತ್ತಾಳೆ. ಕತ್ತಲಲ್ಲೇ ಸ್ಕೋರು ಸಮ ಮಾಡಿಸಿದೆ, ಹೆಚ್ಚುವರಿ ಆಟವನ್ನೂ ಆಡಿಸಿದೆ.

"ಹೂಂ, ಆಮೇಲೆ?"

"ಇನ್ನೇನೇ, ನಮ್ಮವರು ಗೆದ್ದರು."

ಅವಳು ದನಿ ಇನ್ನಷ್ಟು ತಗ್ಗಿಸಿದಳು.

"ನಮ್ಮವರು ಸೋತು ಅರ್ಧ ಗಂಟೆ ಆಯ್ತು ಕಣೆ. ನಾನೂ ಸೌಂಡ್ ಆಫ್ ಮಾಡಿ ನೋಡ್ತಾನೇ ಇದ್ದೆ. ಇನ್ನೊಂದು ಮ್ಯಾಚ್ ಹೇಳೇ."