ಒಂದೇ ರಾತ್ರಿಗೆ ಎರಡು ಹರಕೆ

ಆ ಬೆಳಿಗ್ಗೆ ತಲ್ಲೂರಿಗೆ ಮಂಜು ಕವಿದಿತ್ತು. ಹೆದ್ದಾರಿಯ ಲಾರಿಗಳು ದೀಪ ಹಾಕಿಕೊಂಡೇ ಹೋಗುತ್ತಿದ್ದವು. ದೇವಸ್ಥಾನದ ಕಚೇರಿಯಲ್ಲಿ ಬುಕ್ಕಿಂಗಿನ ಪ್ರೋಗ್ರಾಂ ಬರೆದು ನೋಡಿಕೊಳ್ಳುವ ಚೇತನಾಳ ಕಂಪ್ಯೂಟರಿನ ಎದುರು ಇಬ್ಬರು ರಶೀದಿ ಹಿಡಿದು ನಿಂತಿದ್ದರು: ಕಡಲ ಬದಿಯ ಕೋಡಿಯ ಗುಲಾಬಿ ಮತ್ತು ಮುಂಬೈಯ ಹೋಟೆಲನ್ನು ಮಗನಿಗೆ ಬಿಟ್ಟು ಊರಿಗೆ ಬಂದ ದುಗ್ಗಪ್ಪ ಶೆಟ್ಟರು. ಯಾರದೋ ಮನೆಯ ಸೂತಕದಿಂದ ದೇವಸ್ಥಾನದ ಯಕ್ಷಗಾನ ಮೇಳಕ್ಕೆ ಒಂದು ರಾತ್ರಿ ಖಾಲಿಯಾಗಿತ್ತು. ಆ ಒಂದು ರಾತ್ರಿಯ ಹರಕೆಯಾಟ ಇಬ್ಬರ ಹೆಸರಿಗೂ ಬಿದ್ದಿತ್ತು. ಉಳಿದ ರಾತ್ರಿಗಳೆಲ್ಲ ಮೊದಲೇ ತುಂಬಿ, ಇನ್ನೊಂದು ಖಾಲಿ ರಾತ್ರಿ ಹನ್ನೊಂದು ವರ್ಷದಾಚೆ.

"ಹ್ವಾಯ್ ಹೆಣ್ಣೆ, ನಿನ್ ಕಂಪ್ಯೂಟರಿಗೆ ಒಂದ್ ರಾತ್ರಿ ಎರಡಾಯ್ ಕಾಣ್ತಾ?" ಶೆಟ್ಟರು ನಕ್ಕರು.

"ತಪ್ಪ್ ನಂದೇ ಶೆಟ್ರೆ. ಹಳೇ ವಿಂಡೋಸಿನೊಳ್ಗೆ ಒಬ್ರ್ ಫೈಲ್ ತೆಗೆದ್ರೆ ಒಳಗಿಂದ ಚಿಲಕ ಹಾಕ್ದ ಹಾಂಗೆ, ಇನ್ನೊಬ್ರ್ ಹೊರಗೇ. ಈ ಹೊಸ ಲಿನಕ್ಸಿನೊಳ್ಗೆ ಆಟಕ್ಕೆ ಚಾಪಿ ಹಾಸಿ ಜಾಗ ಹಿಡ್ದ ಹಾಂಗೆ. ಕಂಡವ್ರ್ ಮರ್ಯಾದಿ ಕೊಟ್ರೆ ಜಾಗ ಉಂಟ್, ಇಲ್ದಿರೆ ಇಲ್ಲೆ."

"ಹಾಂಗಾರೆ ಇವ್ಳ್ ಚಾಪಿ ಮೇಲೆ ನಾನ್ ಕೂತದ್ದಾ?"

"ನಿಮ್ ಮೊಬೈಲ್ ಬುಕ್ಕಿಂಗ್ ಕೂತದ್ದ್. ಚಾಪಿ ಇತ್ತಾ ಕಾಣ್ ಅಂದೇಳಿ ಆ ಪ್ರೋಗ್ರಾಮಿನೊಳ್ಗೆ ನಾನ್ ಬರೀಲಿಲ್ಲೆ."

ಫೈಲು ತೆರೆಯಲು ಒಂದೊಂದು ವ್ಯವಸ್ಥೆಗೂ ಅದರದೇ ದಾರಿ. ಹೊಸ ಕಂಪ್ಯೂಟರು ಬಂದಾಗ ಚೇತನಾ ವಿಂಡೋಸ್, ಲಿನಕ್ಸ್ ಎರಡರಲ್ಲೂ ನಡೆಯುವ ಸಾದಾ ದಾರಿಯೊಂದನ್ನು ಆರಿಸಿಕೊಂಡಿದ್ದಳು. ಬರೆಯುವುದು ಸುಲಭ, ಇಷ್ಟು ದಿನ ನಡೆದೂ ಇತ್ತು. ಇನ್ನು ಎರಡಕ್ಕೂ ಬೇರೆ ಬೇರೆ ಬರೆಯಬೇಕು.

ರಶೀದಿ ಮುಂದೆ ಹಿಡಿದು ಗುಲಾಬಿ ಈಗ ಬಾಯಿ ತೆರೆದಳು. "ದೋಣಿ ಮಗುಚಿ ನಮ್ಮವ್ರ್ ಈಜಿ ಬಂದದ್ದ್ ಶೆಟ್ರೆ. ಹರಕಿ ಆಟ ಆಗ್ದೆ ಕಡ್ಲಿಗೆ ಇಳೂದಿಲ್ಲೆ ಅಂತ್ರ್. ಹನ್ನೊಂದ್ ವರ್ಷ ನಾವ್ ಎಂತ ತಿಂಬುದ್? ನಾನ್ ಈ ರಾತ್ರಿ ಬಿಡೂದಿಲ್ಲೆ."

"ನನ್ಗೆ ಎಂಬತ್ತೆರಡ್ ಆಯ್ತ್ ಮಾರಾಯ್ತಿ. ಅಂಗಳದಗೆ ಒಂದ್ ಆಟ ಕಂಡ್ ಕಣ್ ಮುಚ್ಚ್ಕ್ ಅಂದೇಳಿ ನಂಗೂ ಆಸಿ ಇತ್ತ್." ಶೆಟ್ಟರು ಚೇತನಾಳ ಕಡೆ ತಿರುಗಿದರು. "ಈಗ ಕಂಪ್ಯೂಟರಿನೊಳ್ಗೆ ಯಾರ್ ಹೆಸ್ರ್ ಇತ್ತ್?"

"ನಿಮ್ದೇ. ಇವ್ರ್ ಹೆಸ್ರ್ ಅಳ್ಸಿ ಹೋಯ್ತ್."

"ಮುಂಚೆ ಬಂದದ್ದ್?"

ಚೇತನಾ ಇಬ್ಬರ ರಶೀದಿಯ ಸಮಯ ನೋಡಿದಳು. "ಗುಲಾಬಕ್ಕ."

ಶೆಟ್ಟರು ಕಿಟಕಿಯಾಚೆಯ ಗುಡಿಯತ್ತ ನೋಡಿ, ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿದರು.

"ನನ್ನದ್ ಹನ್ನೊಂದ್ ವರ್ಷದ ಆ ಬದಿಗೆ ಬರಿ ಮಗಾ," ಎಂದರು. "ಹೆಸ್ರ್ ಮಾತ್ರ ಮೊಮ್ಮಗಂದ್ ಹಾಕ್."

ಆ ರಾತ್ರಿಯ ತಮ್ಮ ರಶೀದಿಯನ್ನು ಗುಲಾಬಿಯ ಕೈಗಿಟ್ಟರು.