ತಟ್ಟಿದ ಮೊಣಕಾಲು

ಅಮೆರಿಕನ್ ಫುಟ್‌ಬಾಲ್ ಮೈದಾನದ ಅಂಚಿನ ಗೆರೆಯಲ್ಲಿ ನಿಂತಿದ್ದ ಕೋಚ್ ವೆಂಡೆಲ್ ತನ್ನ ಎಡ ಮೊಣಕಾಲನ್ನು ಮೆಲ್ಲಗೆ ತಟ್ಟಿಕೊಂಡ. ಅವನ ರಕ್ಷಣಾ ಪಡೆಯ ಹುಡುಗರಿಗೆ ಅಷ್ಟು ಸನ್ನೆ ಸಾಕಿತ್ತು. ಎದುರು ತಂಡದಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿ ಓಡುವ ಟೆವಿನ್‌ಗೂ ಅದು ಕಾಣಿಸಿತು. ಹಳೇ ಕೋಚ್ ನನ್ನ ಕಾಲು ಹೇಗಿದೆ ಅಂತ ಕೇಳ್ತಿದ್ದಾರೆ ಅಂದುಕೊಂಡು ಅವನು ಹೆಬ್ಬೆರಳೆತ್ತಿ ನಕ್ಕ.

ಅಲಬಾಮದಲ್ಲಿ ಟೆವಿನ್‌ನ ತಾಯಿಯ ಅಡುಗೆಮನೆಯಲ್ಲಿ ಪೀಚ್ ಹಣ್ಣಿನ ಕಡುಬು ತಿಂದು, "ನಿಮ್ಮ ಮಗ ಇನ್ಮೇಲೆ ನನ್ನ ಮಗ ಕಣಮ್ಮ" ಎಂದು ಅವನನ್ನು ಕಾಲೇಜಿಗೆ ಕರೆತಂದವನು ವೆಂಡೆಲ್ಲೇ. ಟೆವಿನ್‌ನ ಎಡ ಮೊಣಕಾಲಿನ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಕೂತಿದ್ದವನೂ ಅವನೇ. ಈ ವರ್ಷ ದೊಡ್ಡ ಹುದ್ದೆ ಸಿಕ್ಕಿ ಎದುರಾಳಿ ಕಾಲೇಜಿಗೆ ಬಂದಿದ್ದ.

ಆಟ ಶುರುವಾಯಿತು. ವೆಂಡೆಲ್‌ನ ಹುಡುಗರಿಬ್ಬರು ಒಟ್ಟಿಗೆ ಟೆವಿನ್‌ನ ಎಡಗಾಲಿನ ಮೇಲೆ ಬಿದ್ದರು; ಅವನು ಮೇಲೇಳಲಿಲ್ಲ. ಹೊಸ ತಂಡದ ಮುಖ್ಯ ಕೋಚ್ ಬಂದು ವೆಂಡೆಲ್‌ನ ಬೆನ್ನು ತಟ್ಟಿ, "ಇದಕ್ಕೇ ಕಣಯ್ಯಾ ನಿನ್ನ ಕರ್ಕೊಂಡು ಬಂದಿದ್ದು!" ಎಂದ.

ಅಷ್ಟರಲ್ಲಿ ಟೆವಿನ್‌ನ ತಾಯಿ ಬೇಲಿಯತನಕ ಓಡಿ ಬಂದು ವೆಂಡೆಲ್‌ನನ್ನೇ ಕೂಗಿದಳು: "ಕೋಚ್, ಬೇಗ ಹೋಗಿ ನೋಡಿ! ಅವನ ಕಾಲಿನ ವಿಷಯ ನಿಮಗೆ ಬಿಟ್ರೆ ಇಲ್ಲಿ ಇನ್ಯಾರಿಗೆ ಗೊತ್ತು?"